ಬಟ್ಟೆ ಕುದುರೆಗೆ ನೀರು

೬ ಜನವರಿ ೧೯೭೪, ರವಿವಾರ

ಇವತ್ತು ಎಮ್ಮೆಗೆ ನಿಜ ಹೇಳಿದೆ. ಒದೆ ಬಿತ್ತು. ಮೊದಲು ಎಮ್ಮೆಯಿಂದ, ಆಮೇಲೆ ಅಪ್ಪನಿಂದ.

ಹೋದ ವಾರ ಅದರ ಕರು ಸತ್ತಿತು. ಮುಂದೆ ಕರು ಇಲ್ಲದಿದ್ದರೆ ನಮ್ಮ ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೆ ಅಪ್ಪ ಸತ್ತ ಕರುವಿನ ತೊಗಲು ಸುಲಿಸಿ, ಉಪ್ಪು ಸವರಿ ಒಣಗಿಸಿ, ಒಳಗೆ ಹೊಟ್ಟು ತುಂಬಿ ಹೊಲಿದ. ಕಾಲಿಗೆ ನಾಲ್ಕು ಕೋಲು. ಕಣ್ಣಿದ್ದಲ್ಲಿ ಬರೀ ಹೊಲಿಗೆ. ಅದನ್ನು ಮುಂದೆ ನಿಲ್ಲಿಸಿದರೆ ಎಮ್ಮೆ ನೆಕ್ಕುತ್ತ ನಿಲ್ಲುತ್ತದೆ, ಹಿಂದೆ ಅವ್ವ ಹಿಂಡುತ್ತಾಳೆ. ಊರೆಲ್ಲ ಮಾಡುವುದೇ ಇದು, ಯಾರಿಗೂ ಏನೂ ಅನ್ನಿಸುವುದಿಲ್ಲ. ನನಗೆ ಮೂರು ದಿನಕ್ಕಿಂತ ಹೆಚ್ಚು ನೋಡಲಾಗಲಿಲ್ಲ. ಹೊಲಿಗೆ ಬಿಚ್ಚಿ ಹೊಟ್ಟನ್ನೆಲ್ಲ ಅದರ ಮುಂದೆ ಸುರಿದು, "ನೋಡು, ನಿನ್ನ ಕರ ಸತ್ತೈತಿ, ಇದು ಹೊಟ್ಟು" ಎಂದೆ. ಎಮ್ಮೆ ಹೊಟ್ಟನ್ನು ಸಾವಕಾಶವಾಗಿ ತಿಂದು ಮುಗಿಸಿತು. ಆಮೇಲೆ ಅವ್ವನ ತಂಬಿಗೆಯನ್ನೂ ನನ್ನ ಮೊಣಕಾಲನ್ನೂ ಒಂದೇ ಏಟಿಗೆ ಒದೆಯಿತು.

"ಸಾಲಿ ಕೆಡಿಸಿಕೊಂಡಿ, ಈಗ ಎಮ್ಮಿ ಕೆಡಿಸಿದಿ," ಎಂದ ಅಪ್ಪ. "ಹುಂಜಕ್ಕೂ ಏನರ ಖರೇ ಹೇಳೂದಿದ್ರ ಈಗ ಹೇಳಿಬಿಡು, ಕೊಯ್ದು ತಿಂತೇವಿ."

ಶಾಲೆ ಕೆಟ್ಟಿದ್ದು ಹೀಗೆ. ಎರಡು ವರ್ಷದ ಹಿಂದೆ ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಇನ್ಸ್‌ಪೆಕ್ಟರು ಬಂದರು. ಹಾಜರಿ ಕಡಿಮೆ ಇತ್ತು. ಹೆಡ್‌ಮಾಸ್ತರರು ಕುರಿ ಕಾಯುವವರನ್ನೂ ಗಿರಣಿಯ ಕೂಲಿಗಳನ್ನೂ ತಂದು ಬೆಂಚಿನ ಮೇಲೆ ಕೂರಿಸಿದ್ದರು. "ಎಲ್ಲಾರೂ ನಿಮ್ಮ ಕ್ಲಾಸಿನವರೇ?" ಎಂದು ಇನ್ಸ್‌ಪೆಕ್ಟರು ಸುಮ್ಮನೆ ಕೇಳಿದರು. ನಾನು ಎದ್ದು ನಿಂತು, "ಒಂಬತ್ತು ಮಂದಿ ನಮ್ಮವರಲ್ರಿ. ಆ ಮೂಲ್ಯಾಗ ಕುಂತಾಂವಗ ಇಬ್ಬರು ಮಕ್ಕಳದಾರ" ಎಂದೆ. ಆ ವರ್ಷದ ಪರೀಕ್ಷೆಗೆ ಹೆಡ್‌ಮಾಸ್ತರರು ನನ್ನನ್ನು ಕೂರಿಸಲಿಲ್ಲ.

ಆಮೇಲೆ ಸಿಂದಗಿಯಲ್ಲಿ ಟೆಂಪೋ ಕ್ಲೀನರ್ ಆದೆ. ಬ್ರೇಕು ಹಿಡಿಯುವುದಿಲ್ಲ ಎಂದು ಹತ್ತುವವರಿಗೆ ಹೇಳಿದ್ದಕ್ಕೆ ಎಂಟನೆಯ ದಿನ ಇಳಿಸಿದರು. ಬಾಗೇವಾಡಿಯ ಹೋಟೆಲಿನಲ್ಲಿ ಚಹಾದ ಪುಡಿಯ ಬಗ್ಗೆ ಒಂದು ಮಾತು ಹೇಳಿದೆ. ಮುದ್ದೇಬಿಹಾಳದ ಎಣ್ಣೆ ಗಾಣದ ಬಗ್ಗೆ ಬರೆಯಲು ಈ ಪುಟ ಸಾಲದು. ಈಗ ಮನೆಯಲ್ಲಿದ್ದೇನೆ.

ಇದು ಇತಿಹಾಸದ ನೋಟುಬುಕ್ಕು. ಹನ್ನೊಂದು ಪುಟ ಇತಿಹಾಸ, ಉಳಿದದ್ದು ಖಾಲಿ. ನನ್ನ ಮಾತು ಕೇಳುವವರು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಇದರಲ್ಲಿ ಬರೆಯುತ್ತೇನೆ.

೯ ಜನವರಿ, ಬುಧವಾರ

ಅಪ್ಪ ಕರುವನ್ನು ಮತ್ತೆ ಹೊಲಿದಿದ್ದಾನೆ. ನೋಡಲು ಜೈನುದ್ದೀನಜ್ಜ ಬಂದಿದ್ದ.

ಎಪ್ಪತ್ತೇಳು ವರ್ಷದ ಈ ಅಜ್ಜ ನಮ್ಮೂರಿನ ಏಕೈಕ ವೀರ. ಮೊದಲನೆಯ ಮಹಾಯುದ್ಧಕ್ಕೆ ಬ್ರಿಟಿಷರ ಜೊತೆ ಹೋಗಿ, ಓಡುವ ಕುದುರೆಯ ಮೇಲಿಂದ ಒಬ್ಬ ತುರ್ಕಿ ಸಿಪಾಯಿಯನ್ನು ಈಟಿಯಲ್ಲಿ ಎತ್ತಿದವನು. ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಕುಳಿತು ವಾರಕ್ಕೊಮ್ಮೆಯಾದರೂ ಅವನನ್ನು ಮಾತಿನಲ್ಲಿ ಮತ್ತೆ ಎತ್ತುತ್ತಾನೆ. ಆಗಸ್ಟ್ ಹದಿನೈದಕ್ಕೆ ಅವನನ್ನು ಕುರ್ಚಿಯ ಮೇಲೆ ಕೂರಿಸುತ್ತಾರೆ. ಬ್ರಿಟಿಷರಿಗಾಗಿ ಕಾದಿದವನನ್ನು ಬ್ರಿಟಿಷರು ತೊಲಗಿದ ದಿನ ಕೂರಿಸುವುದು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಆ ವರ್ಷ ನನಗೆ ಪೇಢೆ ಸಿಗಲಿಲ್ಲ.

ಅಜ್ಜ ಕರುವಿನ ಸುತ್ತ ಒಂದು ಸುತ್ತು ಬಂದ. "ನಿಮ್ಮಪ್ಪ ಕಿವಿ ಕೆಡಿಸ್ಯಾನ. ಕಿವಿ ಅಲ್ಲಾಡಬೇಕಲೇ. ಕಿವಿ ಅಲ್ಲಾಡಿದ್ರ ಜೀವ ಐತಿ ಅಂತ ನಂಬತಾವು. ನಮ್ಮ ಕುದುರಿ ಕಿವಿಗೆ ನಾವು ದಾರ ಕಟ್ಟಿದ್ವಿ."

"ಯಾವ ಕುದುರಿ, ಅಜ್ಜಾ?"

ನಾನು ಏಳು ಸಲ ಕೇಳಿದೆ. ಎಂಟನೆಯದಕ್ಕೆ ಹೇಳಿದ.

ಅವನು ಕುದುರೆ ಸವಾರನೇ ಅಲ್ಲವಂತೆ. ಹೇಸರಗತ್ತೆ ಕಾಯುವವನು. ಸಾವಿರದ ಒಂಬೈನೂರ ಹದಿನೆಂಟರಲ್ಲಿ ಜೋರ್ಡನ್ ಎಂಬ ಹೊಳೆಯ ದಂಡೆಯಲ್ಲಿ ಬ್ರಿಟಿಷರು ಒಂದು ದೊಡ್ಡ ಸುಳ್ಳು ಕಟ್ಟಿದರಂತೆ. ಸೈನ್ಯವೆಲ್ಲ ಗುಟ್ಟಾಗಿ ಸಮುದ್ರದ ಕಡೆ ಸರಿಯುತ್ತಿತ್ತು. ವೈರಿಗೆ ಮಾತ್ರ ಅದು ಹೊಳೆಯ ಹತ್ತಿರವೇ ಇದೆ ಎಂದು ಕಾಣಬೇಕು. ಹಾಗಾಗಿ ಕೋಲಿಗೆ ಡೇರೆ ಬಟ್ಟೆ ಸುತ್ತಿ ಸಾವಿರಾರು ಕುದುರೆ ಮಾಡಿ ಸಾಲಾಗಿ ಕಟ್ಟಿದರು. ಹೇಸರಗತ್ತೆಗಳಿಗೆ ಮರದ ಟೊಂಗೆ ಕಟ್ಟಿ ಎಳೆಸಿ ಧೂಳೆಬ್ಬಿಸಿದರು.

"ಇನ್ನ ಪಲ್ಟಣ. ಹಗಲಿ ಬ್ಯಾಂಡ ಬಾರಿಸಿಕೋಂತ ಹೊಳಿ ಕಡೆ ಇಳೀತಿತ್ತು. ಕತ್ತಲಾದ ಕೂಡಲೆ ಲಾರಿ ಹತ್ತಿ ವಾಪಸ್. ಮರದಿನ ಮತ್ತ ಅದ ಪಲ್ಟಣ, ಅದ ಬ್ಯಾಂಡ. ವೈರಿ ಎಣಿಸಿದ್ದ ಎಣಿಸಿದ್ದು. ಒಂದ ಪಲ್ಟಣಕ್ಕ ನಾಕ ಪಲ್ಟಣ."

"ಮತ್ತ ನೀ?"

"ನಾ ಬಟ್ಟಿ ಕುದುರಿ ನೋಡಕೊಳ್ಳಾಂವ. ಮೇವ ಹಾಕೂದು, ನೀರ ಇಡೂದು."

"ಬಟ್ಟಿ ಕುದುರಿಗೆ?"

"ಹೂಂ. ಭಾಳ ಶಾಂತ ಇದ್ವು."

ಐವತ್ತು ವರ್ಷದಿಂದ ಈ ಮನುಷ್ಯ ಊರಿಗೆ ಸುಳ್ಳು ಹೇಳುತ್ತಿದ್ದಾನೆ. ಎಲ್ಲರಿಗೂ ತಿಳಿಸಬೇಕು.

೧೧ ಜನವರಿ, ಶುಕ್ರವಾರ

ಬೇವಿನ ಮರದ ಕೆಳಗೆ ನಿಂತು, ಅಜ್ಜನ ಎದುರಿಗೇ ಎಲ್ಲ ಹೇಳಿದೆ. ಯಾರೂ ನಂಬಲಿಲ್ಲ.

"ಬಟ್ಟಿ ಕುದುರಿ? ಬ್ರಿಟಿಷರಿಗೆ ತಲಿ ಇರಲಿಲ್ಲೇನ?" ಎಂದು ಬೀರಣ್ಣ ನನ್ನ ಕಾಲರ್ ಹಿಡಿದ. ಬೀರಣ್ಣ ಅಂದರೆ ಪಕ್ಕದ ಮನೆಯವನು, ಸಿಟ್ಟು ಬಂದರೆ ಯಾರದಾದರೂ ಕಾಲರ್ ಬೇಕು. "ಮುದುಕನ ಮರ್ಯಾದಿ ತೆಗೀತಿ?"

ಅಜ್ಜನ ಸೊಸೆ ಹಜರಾಬಿ ನನಗೆ ಬೈದ ಮಾತು ಇತಿಹಾಸದ ನೋಟುಬುಕ್ಕಿನಲ್ಲಿ ಬರೆಯುವಂಥದ್ದಲ್ಲ. ಅಜ್ಜನಿಗೆ ಮಾತ್ರ ಸಿಟ್ಟೇ ಇರಲಿಲ್ಲ. ಬೀಡಿ ಹಚ್ಚಿ ನಗುತ್ತಿದ್ದ.

೧೪ ಜನವರಿ, ಸಂಕ್ರಾಂತಿ

ಕುಸುರೆಳ್ಳು ಕೊಟ್ಟು, ಒಳ್ಳೆಯ ಮಾತಾಡು ಎಂದು ಒಬ್ಬರಿಗೊಬ್ಬರು ಹೇಳುವ ದಿನ. ನನಗೆ ಕೊಟ್ಟವರೆಲ್ಲ ಮಾತೇ ಆಡಬೇಡ ಎಂದರು.

೧೮ ಜನವರಿ, ಶುಕ್ರವಾರ

ಬಸ್ಸು ನಿಲ್ಲುತ್ತದಂತೆ.

ಕಂಡಕ್ಟರ್ ಭೀಮಶ್ಯಾ ಇವತ್ತು ಟಿಕೆಟ್ ಹರಿಯುತ್ತ ಹೇಳಿದ. ಅರಬರ ದೇಶದಲ್ಲಿ ಏನೋ ಜಗಳವಾಗಿ ಡೀಸೆಲ್ ತುಟ್ಟಿಯಾಗಿದೆ. ಮಂದಿ ಹತ್ತದ ಬಸ್ಸುಗಳನ್ನೆಲ್ಲ ಸರಕಾರ ತೆಗೆಯುತ್ತಿದೆ. ಫೆಬ್ರುವರಿ ನಾಲ್ಕರಿಂದ ಮೂರು ದಿನ ವಿಜಾಪುರದಿಂದ ತಪಾಸಣೆ ಸಾಹೇಬರು ಬಂದು ಬೆಳಗಿನ ಬಸ್ಸಿನಲ್ಲಿ ಕುಳಿತು ತಲೆ ಎಣಿಸುತ್ತಾರೆ. ಇಂಡಿ ಮುಟ್ಟುವುದರೊಳಗೆ ಇಪ್ಪತ್ತೈದು ಮಂದಿ ಹತ್ತದಿದ್ದರೆ ಬಸ್ಸಿಲ್ಲ.

ಅಪ್ಪನಿಗೆ ಇದು ಬಹಳ ಕಷ್ಟದ ವಿಷಯ ಅನ್ನಿಸಲಿಲ್ಲ. ಊಟಕ್ಕೆ ಕುಳಿತಾಗ, "ಬಸ್ ಹೋದ್ರ ಚಂದವ್ವನ ಸಾಲಿನೂ ಹೋತು. ಹತ್ತು ಮೈಲಿ ಯಾರು ನಡಸತಾರ? ಸಿಂದಗಿ ಮಾವ ಹ್ಯಾಂಗೂ ಮಗಗ ಹೆಣ್ಣ ಕೇಳಾಕತ್ತಾನ, ಬ್ಯಾಸಗ್ಯಾಗ ಅಕ್ಕಿಕಾಳ ಹಾಕಿಬಿಡೂಣು" ಎಂದ.

ಚಂದವ್ವ ನನ್ನ ತಂಗಿ. ಇಂಡಿಯ ಹೈಸ್ಕೂಲಿನಲ್ಲಿ ಒಂಬತ್ತನೆಯದು. ನಮ್ಮೂರಿನಿಂದ ಅಲ್ಲಿಗೆ ಹೋಗುವ ಹುಡುಗಿ ಅವಳೊಬ್ಬಳೇ. ರೊಟ್ಟಿ ಮುರಿಯುತ್ತಿದ್ದವಳು ತಾಟು ಸರಿಸಿ ಎದ್ದಳು. ಸಿಂದಗಿ ಮಾವನ ಮಗನಿಗೆ ತನ್ನ ಹೆಸರು ಬರೆಯಲು ಬರುವುದಿಲ್ಲ, ಆದರೆ ಸಹಿ ಮಾಡುತ್ತಾನೆ. ಹೇಗೆ ಎಂದು ಯಾರೂ ಕೇಳಿಲ್ಲ.

ನನಗೇನು. ನಾನೇ ಈಗ ಶಾಲೆಗೆ ಹೋಗುತ್ತಿಲ್ಲ.

೨೬ ಜನವರಿ, ಶನಿವಾರ

ಆರು ದಿನ ಬೆಳಗಿನ ಬಸ್ಸಿಗೆ ಹೋಗಿ ನಾನೇ ಎಣಿಸಿದೆ. ಯಾರೂ ಹೇಳಿರಲಿಲ್ಲ, ಲೆಕ್ಕ ಸರಿಯಾಗಿ ತಿಳಿದಿರಲಿ ಎಂದು ಅಷ್ಟೆ. ಹನ್ನೊಂದು, ಹನ್ನೊಂದು, ಒಂಬತ್ತು, ಸಂತೆಯ ದಿನ ಹದಿನಾಲ್ಕು, ಹನ್ನೊಂದು, ಹತ್ತು ಮತ್ತು ಒಂದು ಕೋಳಿ.

ಇವತ್ತು ಝಂಡಾ ಹಾರಿಸಿದ ಮೇಲೆ ಅಜ್ಜನನ್ನು ಕುರ್ಚಿಯಿಂದ ಇಳಿಸುವ ಮೊದಲೇ ಜನ ಅವನ ಸುತ್ತ ಕುಳಿತರು. ಬಸ್ಸು ಉಳಿಸುವುದು ಹೇಗೆ ಎಂದು ಮಾತು. ಒಬ್ಬ ಅರ್ಜಿ ಬರೆಯೋಣ ಎಂದ, ಒಬ್ಬ ಸಾಹೇಬರಿಗೆ ಕೋಳಿ ಕೊಡೋಣ ಎಂದ. ಅಜ್ಜ ಕೋಲಿನಿಂದ ನೆಲದ ಮೇಲೆ ನಕ್ಷೆ ಬರೆದ.

ನಮ್ಮೂರ ರಸ್ತೆ ಹೀಗಿದೆ. ಬಸ್ಸು ಮೊದಲು ಊರ ಬಾಗಿಲಲ್ಲಿ, ಅಂದರೆ ಬೇವಿನ ಮರದ ಅಗಸಿಯಲ್ಲಿ ನಿಲ್ಲುತ್ತದೆ, ಆಮೇಲೆ ಹಳ್ಳದ ಸೇತುವೆ, ಅಂದರೆ ಪೂಲಿನ ಹತ್ತಿರ, ಆಮೇಲೆ ನಿಂಬೆ ತೋಟದಲ್ಲಿ. ಪೂಲಿನಿಂದ ತೋಟಕ್ಕೆ ರಸ್ತೆ ದಿನ್ನೆಯನ್ನು ಬಳಸಿ ಎರಡು ಮೈಲಿ ಸುತ್ತುತ್ತದೆ. ದಿನ್ನೆಯ ಮೇಲಿನ ಕಾಲುದಾರಿ ಹಿಡಿದು ಓಡಿದರೆ ಬಸ್ಸಿಗಿಂತ ಮೊದಲೇ ತೋಟ ಮುಟ್ಟಬಹುದು.

"ಅಗಸ್ಯಾಗ ಹತ್ರಿ, ಪೂಲಿನ್ಯಾಗ ಇಳೀರಿ, ದಿನ್ನಿ ಹಾರಿ ಓಡ್ರಿ, ತಲಿ ರುಮಾಲ ಬದಲ ಮಾಡ್ರಿ, ತೋಟದಾಗ ಮತ್ತ ಹತ್ರಿ. ಹದಿನೈದ ಮಂದಿ ಸಾಕು. ಒಂದ ಪಲ್ಟಣಕ್ಕ ಎರಡ ಪಲ್ಟಣ."

ಎಲ್ಲರಿಗೂ ಬೆರಗು. "ಇದೆಲ್ಲಿ ಕಲ್ತಿ ಅಜ್ಜಾ?" ಎಂದು ಬೀರಣ್ಣ ಕೇಳಿದ.

ಅಜ್ಜ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಈಟಿ ಹಿಡದಾವ್ರಿಗೆ ಇಷ್ಟು ಬರತೈತಿ."

ಇದು ಸರಕಾರಕ್ಕೆ ಮೋಸ, ನಾನು ಸೇರುವುದಿಲ್ಲ ಎಂದು ಅಲ್ಲೇ ಹೇಳಿದೆ. ನಿನ್ನನ್ನು ಕರೆದವರ್ಯಾರು ಎಂದರು.

೩೦ ಜನವರಿ, ಬುಧವಾರ

ನನ್ನನ್ನು ಊರಿನಿಂದ ಸಾಗಿಸುವ ಹುನ್ನಾರ ನಡೆದಿದೆ. ಕುರಿ ಹೊಡೆದುಕೊಂಡು ಹತ್ತು ದಿನ ಬಾಗೇವಾಡಿ ಕಡೆ ಹೋಗು ಎಂದ ಅಪ್ಪ. ಬಾಗೇವಾಡಿಯಲ್ಲಿ ನಮ್ಮ ಮನೆಯಷ್ಟೂ ಮೇವಿಲ್ಲ ಎಂದೆ. ಹಾಗಾದರೆ ಮುದ್ದೇಬಿಹಾಳಕ್ಕೆ ಹೋಗು ಎಂದ. ಸಾಹೇಬರು ಬಂದಾಗ ನಾನು ಬೇವಿನ ಮರದ ಕೆಳಗೇ ಇರುತ್ತೇನೆ, ಯಾರಾದರೂ ಕೇಳಿದರೆ ಇದ್ದದ್ದು ಹೇಳುತ್ತೇನೆ ಎಂದೆ. ಅಪ್ಪ ಕೊಡಲಿ ಹುಡುಕಿದ. ಸಿಗಲಿಲ್ಲ, ಅವ್ವ ಮೊದಲೇ ಎತ್ತಿಟ್ಟಿದ್ದಳು.

ಅಜ್ಜನೇ ಬಂದು ಅಪ್ಪನಿಗೆ, "ಇರಲಿ ಬಿಡ ಮಾಳಿಂಗಪ್ಪ. ಕುದುರಿ ಸಾಲಿನ್ಯಾಗ ಒಂದ ಖರೇ ಕುದುರಿ ಇರಬೇಕು" ಎಂದ. ಅದರ ಅರ್ಥ ನನಗೆ ಆಗಲಿಲ್ಲ.

ಹಿತ್ತಲಲ್ಲಿ ಚಂದವ್ವ ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

"ಅಣ್ಣಾ, ನೀ ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ."

"ಹೇಳೂದಿಲ್ಲ."

"ಗೊತ್ತೈತಿ. ನಿನ್ನ ಖರೇತನ ನಿನ್ನ ಸಾಲಿ ತಿಂತು. ಇನ್ನೂ ಹಸಿವಿ ಹಿಂಗಿಲ್ಲ ಅದಕ್ಕ."

ಅವಳು ತಿಕ್ಕಿದ ನಾಲ್ಕು ತಂಬಿಗೆಗಳನ್ನು ತೊಳೆದು ಬೋರಲು ಹಾಕಿದೆ.

೪ ಫೆಬ್ರುವರಿ, ಸೋಮವಾರ

ಸಾಹೇಬರು ಬಂದರು. ಸಣ್ಣ ಮನುಷ್ಯ, ದಪ್ಪ ಕನ್ನಡಕ, ತೊಡೆಯ ಮೇಲೆ ರಟ್ಟಿನ ಪ್ಯಾಡು. ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತರು. ಏನು ನಡೆಯುತ್ತದೆ ಎಂದು ಸ್ವಂತ ಕಣ್ಣಿನಿಂದ ನೋಡಲು ನಾನೂ ಟಿಕೆಟ್ ತೆಗೆಸಿ ಇಂಡಿಯವರೆಗೆ ಹೋದೆ. ನಾನು ನಿಜವಾದ ಪ್ರಯಾಣಿಕ, ಬರೆದಿಡುತ್ತೇನೆ.

ಅಗಸಿಯಲ್ಲಿ ಹದಿನಾರು ಮಂದಿ ಹತ್ತಿದರು. ಹಜರಾಬಿ ತನ್ನ ಹೋತವನ್ನೂ ಹತ್ತಿಸಿದಳು. ಅದರ ವಾಸನೆ ಆಲಮೇಲದವರೆಗೆ ಹೆಸರುವಾಸಿ. ಹತ್ತಿದ್ದೇ ಅದು ಸೀದಾ ಹೋಗಿ ಸಾಹೇಬರ ಪ್ಯಾಡಿನ ಮೂಲೆ ಕಚ್ಚಿತು.

ಪೂಲಿನ ಹತ್ತಿರ ಹನ್ನೆರಡು ಮಂದಿ ಇಳಿದರು, ಹಜರಾಬಿ, ಹೋತ ಎಲ್ಲ. ಸಾಹೇಬರು ಕನ್ನಡಕ ಮೇಲೇರಿಸಿ, "ಈ ಊರಾಗ ಹೊಲಕ್ಕೂ ಬಸ್ಸಿನ್ಯಾಗ ಹೋಗತಾರೇನು?" ಎಂದು ಕೇಳಿದರು.

"ಮುಂದುವರದ ಊರ್ರಿ," ಎಂದ ಭೀಮಶ್ಯಾ.

ಕಿಟಕಿಯಿಂದ ನೋಡಿದರೆ ದಿನ್ನೆಯ ಮೇಲೆ ಹನ್ನೆರಡು ಮಂದಿ ಧೋತರ ಎತ್ತಿಕೊಂಡು ಓಡುತ್ತಿದ್ದರು. ಸಾಹೇಬರು ಅತ್ತ ನೋಡಬಾರದೆಂದು ಅಜ್ಜ ಇನ್ನೊಂದು ವ್ಯವಸ್ಥೆ ಮಾಡಿದ್ದ. ರಸ್ತೆಯ ಪಕ್ಕ ಎರಡು ಚಕ್ಕಡಿಗಳು ಹಿಂದೆ ಜಾಲಿ ಟೊಂಗೆ ಕಟ್ಟಿಕೊಂಡು ಎಳೆದಾಡುತ್ತಿದ್ದವು. ಎಂಥ ಧೂಳೆಂದರೆ ಅದರೊಳಗೆ ಒಂದು ದಂಡೇ ಬರುತ್ತಿರಬಹುದು. ಡ್ರೈವರನಿಗೆ ರಸ್ತೆಯೂ ಕಾಣಲಿಲ್ಲ. ಕೆಮ್ಮುತ್ತ ಬಯ್ಯುತ್ತ ಹೊಡೆದ.

ತೋಟದಲ್ಲಿ ಹದಿನೈದು ಮಂದಿ ಹತ್ತಿದರು. ಹೋತವನ್ನು ಹಿಂದೆಯೇ ಬಿಟ್ಟಿದ್ದರು. ಬೆವರು ಸುರಿಯುತ್ತಿತ್ತು, ಏದುಸಿರು. ಬೀರಣ್ಣನಿಗೆ ಹಸಿರು ರುಮಾಲು, ಹಜರಾಬಿಗೆ ಬೇರೆ ಸೀರೆಯ ಸೆರಗು. ನಮ್ಮಪ್ಪ ಮೀಸೆಗೆ ಹಿಟ್ಟು ಹಚ್ಚಿ ಮುದುಕನಾಗಿದ್ದ. ನನ್ನ ಎದುರಿಗೇ ಬಂದು ಕುಳಿತು ನನ್ನನ್ನು ನೋಡಿ, "ಯಾವೂರ ತಮ್ಮಾ?" ಎಂದು ಕೇಳಿದ.

ಸಾಹೇಬರ ಪ್ಯಾಡಿನಲ್ಲಿ ಮೂವತ್ತೊಂದು. ನಿಜವಾಗಿ ಹತ್ತೊಂಬತ್ತು. ಅದರಲ್ಲೂ ಇಂಡಿಯಲ್ಲಿ ಕೆಲಸ ಇದ್ದವರು ಹನ್ನೊಂದೇ.

೫ ಫೆಬ್ರುವರಿ, ಮಂಗಳವಾರ

ಕೆಟ್ಟಿತು.

ಹಜರಾಬಿ ಇವತ್ತೂ ಅಗಸಿಯಲ್ಲಿ ಹತ್ತಿದಳು, ಆದರೆ ಹೋತ ಇರಲಿಲ್ಲ. ನಿನ್ನೆ ಪ್ಯಾಡು ತಿಂದದ್ದಕ್ಕೆ ಅವಳಿಗೇ ಭಯ. ಹೋತವನ್ನು ತೋಟದಲ್ಲಿ ಕಟ್ಟಿ ಬಂದಿದ್ದಳು. ಅಲ್ಲಿಗೆ ಓಡಿ ಬಂದ ಬೀರಣ್ಣನಿಗೆ ಒಂದು ವಿಚಾರ ಬಂತು: ಬರಿಗೈಯಲ್ಲಿ ಹತ್ತುವುದಕ್ಕಿಂತ ಹೋತ ಹಿಡಿದು ಹತ್ತಿದರೆ ಸಂತೆಗೆ ಹೊರಟವನ ಹಾಗೆ ಕಾಣುತ್ತದೆ. ಬಿಚ್ಚಿ ತಂದ. ಹೋತ ಎಲ್ಲರ ಕಾಲು ತುಳಿದು ಹೋಗಿ ನಿನ್ನೆ ಬಿಟ್ಟಲ್ಲಿಂದಲೇ ಪ್ಯಾಡು ತಿನ್ನತೊಡಗಿತು.

ರುಮಾಲು ಬದಲಿಸಿದೆವು, ಸೀರೆ ಬದಲಿಸಿದೆವು, ಮೀಸೆ ಬದಲಿಸಿದೆವು. ಹೋತವನ್ನು ಬದಲಿಸಲು ಯಾರಿಗೂ ನೆನಪಾಗಲಿಲ್ಲ.

"ಈ ಆಡು ನಿನ್ನೆ ಒಬ್ಬ ಹೆಣ್ಮಗಳ ಕೂಡ ಬಂದಿತ್ತಲ್ಲ?" ಎಂದರು ಸಾಹೇಬರು.

"ಇಲ್ರಿ, ಇದು ಬ್ಯಾರೆ," ಎಂದ ಬೀರಣ್ಣ. "ಬ್ಯಾರೆ, ಬ್ಯಾರೆ," ಎಂದಿತು ಇಡೀ ಬಸ್ಸು, ಸಾಮೂಹಿಕ ಪ್ರಾರ್ಥನೆಯ ಹಾಗೆ.

ಸಾಹೇಬರು ಉಳಿದ ಪ್ಯಾಡನ್ನು ಮುಚ್ಚಿದರು. "ಭೀಮಶ್ಯಾ, ಇನ್ಸ್‌ಪೆಕ್ಟರ್ ಮುಂದ ಎದ್ದು ನಿಂತು ಹೆಡ್‌ಮಾಸ್ತರ್ ಬಣ್ಣ ಬಯಲು ಮಾಡಿದ ಹುಡುಗ ಇದ ಊರಾಂವ ಅಲ್ಲೇನು? ವಿಜಾಪುರದ ಆಫೀಸಿನ್ಯಾಗೆಲ್ಲ ಅವನ ಸುದ್ದಿ ಹೇಳಿ ನಗತಾರ. ನಾಳೆ ಅವನ್ನ ಕರಿ. ಅಂವ ಏನು ಹೇಳತಾನೋ ಅದನ್ನ ಬರೀತೇನಿ."

ನಾನು ಅವರ ಹಿಂದೆ ಎರಡು ಸೀಟು ಬಿಟ್ಟು ಕುಳಿತಿದ್ದೆ. ಎಲ್ಲರ ಮುಖ ಒಟ್ಟಿಗೆ ನನ್ನ ಕಡೆ ತಿರುಗಿತು. ಚಂದವ್ವನದು ಮಾತ್ರ ಇಲ್ಲ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅದೇ ದಿನ, ಸಂಜೆ

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಕಟ್ಟೆಯ ಮೇಲೆ ಹಿಟ್ಟಿನ ಮೀಸೆಯಲ್ಲೇ ಕುಳಿತಿದ್ದ, ತೊಳೆಯುವುದೂ ಮರೆತಿತ್ತು. ಚಂದವ್ವ ದಿನದ ಹಾಗೆ ಲೆಕ್ಕ ಬಿಡಿಸುತ್ತಿದ್ದಳು. ಒಂದೇ ಲೆಕ್ಕ, ನಾಲ್ಕು ಸಲ.

ಹೊತ್ತು ಮುಳುಗುವ ಮುಂಚೆ ಅಜ್ಜನ ಹತ್ತಿರ ಹೋದೆ.

"ಅಜ್ಜಾ, ಮೊದಲ ಹೇಳಿಬಿಡತೇನಿ. ನಾ ಸುಳ್ಳ ಹೇಳಾಂವಲ್ಲ."

"ಹೇಳಂತ ಯಾರರ ಅಂದಾರೇನು? ಕುಂದ್ರು." ಬೀಡಿ ಹಚ್ಚಿದ. "ಬಟ್ಟಿ ಕುದುರಿ ಸುದ್ದಿ ಅರ್ಧಾ ಹೇಳಿದ್ನಿ ಅವತ್ತ. ಒಂದಿನ ವಿಮಾನ ಬಂತು. ಆ ಕಡೆಯವ್ರದು. ಕೆಳಗ ಬಂದು ನೋಡಾಕತ್ತು. ಎಲ್ಲಾರೂ ಓಡಿದ್ರು. ನಾನೂ ಓಡಾಂವನ. ಆದ್ರ ವಿಚಾರ ಮಾಡು. ಸಾವಿರ ಕುದುರಿ ನಿಂತಾವು, ಒಂದೂ ಬೆದರವಲ್ದು, ನೋಡಕೊಳ್ಳಾಂವ ಒಬ್ಬನೂ ಇಲ್ಲ. ಮ್ಯಾಲಿದ್ದಾಂವ ಏನು ತಿಳಕೋತಾನ? ಅದಕ್ಕ ನಾ ಬಕೀಟ ಎತ್ಕೊಂಡು, ಒಂದೊಂದಕ್ಕ ನೀರ ಇಡಕೋತ ಹೊಂಟ್ನಿ. ಕಿವಿ ದಾರ ಜಗ್ಗಕೋತ. ಬಾಂಬ್ ಬಿದ್ದುವು. ಆ ಬಾಂಬೆಲ್ಲ ನನ್ನ ಬಟ್ಟಿ ಕುದುರಿ ಮ್ಯಾಲ ಬಿದ್ದುವು ನೋಡು, ಖರೇವರ ಮ್ಯಾಲ ಬೀಳಲಿಲ್ಲ. ಸಮುದ್ರದ ಕಡೆ ಖರೇ ಕುದುರಿ ಮ್ಯಾಲ ನನ್ನ ತಮ್ಮ ಇದ್ದ. ಬಾಬುಲಾಲ."

"ಅಂವ ಬದುಕಿ ಬಂದ್ನೇನು?"

"ಬಂದ. ಈಟಿ ಕತಿ ಅವಂದು. ಬಂದು ನಾಕ ವರ್ಷಕ್ಕ ಪಟಕಿ ಬ್ಯಾನ್ಯಾಗ ಹೋದ. ಅಂವ ಹೋದಮ್ಯಾಲ ಕತಿ ಹೇಳಾವ್ರು ಬೇಕಲ್ಲ? ನಾ ಹೇಳಾಕತ್ತೇನಿ. ಅಂವ ಖರೇನ ಎತ್ತಿದ್ನೋ, ನನಗ ಸುಳ್ಳ ಹೇಳಿದ್ನೋ, ಅದೂ ಗೊತ್ತಿಲ್ಲ." ಅಜ್ಜ ನಕ್ಕ. "ನನಗಂತೂ ಯಾರನ್ನೂ ಎತ್ತೂದು ಬ್ಯಾಡಾಗಿತ್ತು. ಹೊಳಿ ಆ ಕಡಿಂದನೂ ನಮಾಜಿನ ಬಾಂಗ್ ಕೇಳತಿತ್ತು. ಅಲ್ಲಾ ನನ್ನ ಪಾಲಿಗೆ ಬಟ್ಟಿ ಕುದುರಿ ಇಟ್ಟ."

ಎಲ್ಲರಿಗೂ ಇದನ್ನೇ ಹೇಳಬಾರದೇ, ಈಟಿಗಿಂತ ಇದೇ ದೊಡ್ಡದಲ್ಲವೇ ಎಂದು ಕೇಳಿದೆ.

"ನೀ ಹೇಳಿದ್ಯಲ್ಲ ಅವತ್ತ, ಮರದ ಕೆಳಗ. ಯಾರರ ನಂಬಿದ್ರೇನು?"

೬ ಫೆಬ್ರುವರಿ, ಬುಧವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬಸ್ಸು ಅಗಸಿಗೆ ಬಂತು. ಸಾಹೇಬರು ಕೆಳಗಿಳಿದು ಬೇವಿನ ಮರದ ಕೆಳಗೆ ನಿಂತರು. ಊರೆಲ್ಲ ಇತ್ತು. ಸಾಹೇಬರ ಅಪ್ಪಣೆಯ ಮೇರೆಗೆ ಹೋತವನ್ನೂ ತಂದು ನಿಲ್ಲಿಸಿದ್ದರು. ಚಂದವ್ವ ಚೀಲ ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು, ಇದು ಕೊನೆಯ ಸಲವೋ ಏನೋ ಎಂದು ಲೆಕ್ಕ ಹಾಕುವವಳ ಹಾಗೆ.

"ನಿನ್ನ ಹೆಸರು?"

"ಅಮಸಿದ್ದ ರಿ."

"ಸುಳ್ಳ ಹೇಳೂದಿಲ್ಲಂತ ಹೌದೇನು?"

"ಹೇಳೂದಿಲ್ರಿ."

"ಕುರಿ ಕಾಯೋ ಮನೆತನ?"

"ಹೌದ್ರಿ. ಅಜ್ಜ ಮುತ್ಯಾನ ಕಾಲದಿಂದ."

"ಹಂಗಾದ್ರ ನಿನಗ ಆಡು ಕುರಿ ಮುಖದ ಮ್ಯಾಲಿಂದ ಗುರ್ತ ಹತ್ತತಾವು. ಒಂದ ಮಾತು ಕೇಳತೇನಿ, ಮತ್ತೇನೂ ಕೇಳೂದಿಲ್ಲ. ಸೋಮವಾರ ಬಂದ ಆಡು, ನಿನ್ನೆ ಬಂದ ಆಡು, ಎರಡೂ ಒಂದ ಏನು?"

ಹೋತ ನನ್ನನ್ನು ನೋಡಿತು. ನಾನು ಅದನ್ನು ಹುಟ್ಟಿದ ದಿನದಿಂದ ಬಲ್ಲೆ. ಅದರ ತಾಯಿಯನ್ನೂ ಬಲ್ಲೆ. ಸಾವಿರ ಆಡಿನಲ್ಲಿ ಬಿಟ್ಟರೂ ಕಣ್ಣು ಮುಚ್ಚಿ ಹಿಡಿದು ತರುತ್ತೇನೆ, ವಾಸನೆಯ ಮೇಲಿಂದ. ಅಜ್ಜ ಮರಕ್ಕೆ ಒರಗಿ ಆಕಾಶ ನೋಡುತ್ತಿದ್ದ, ಏನೋ ಹಾರಿ ಬರುತ್ತಿದೆ ಎನ್ನುವ ಹಾಗೆ.

"ಇಲ್ರಿ ಸಾಹೇಬ್ರ," ಎಂದೆ. "ಎರಡೂ ಬ್ಯಾರೆ. ಇದು ಅದರ ತಂಗಿ."

ಸಾಹೇಬರು ಹೋತದ ಕಡೆ ತಿರುಗಿದರು. ಅದು ಗಡ್ಡ ಅಲ್ಲಾಡಿಸಿತು. ಗಡ್ಡ ಹೋಗಲಿ, ಉಳಿದದ್ದೆಲ್ಲವೂ ಬೆಳಗಿನ ಬಿಸಿಲಿಗೆ ನಿಚ್ಚಳವಾಗಿ ಕಾಣುವ ಹಾಗೆ ನಿಂತಿತ್ತು.

"ತಂಗಿ?"

"ಹೌದ್ರಿ."

"ಗಡ್ಡ ಐತಲ್ಲೋ ತಮ್ಮಾ."

"ಅವರ ಮನೆತನದಾಗ ಎಲ್ಲಾರಿಗೂ ಐತ್ರಿ."

ಬೀರಣ್ಣ ಮುಖಕ್ಕೆ ರುಮಾಲು ಒತ್ತಿಕೊಂಡ. ಹಜರಾಬಿಗೆ ಕೆಮ್ಮು ಬಂತು. ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಒರೆಸುತ್ತ, "ಮೂರ ದಿನದಾಗ ಈ ಊರಾಗ ಎಷ್ಟ ಮಂದಿ ನೋಡಿದ್ನೋ, ಅಷ್ಟೂ ಮಂದಿಗೆ ಎರಡೆರಡ ರುಮಾಲ ಅದಾವು" ಎಂದರು. "ಮೂರೂ ದಿನ ಒಂದ ಹೆರಳು, ಒಂದ ಚೀಲ, ಒಂದ ಸ್ಟಾಪ್. ಹಿಂಗ ಬಂದಾಕಿ ಆ ಮೆಟ್ಟಲದ ಮ್ಯಾಲಿನ ಹುಡುಗಿ ಒಬ್ಬಾಕಿನ. ಯಾರ ಅಕಿ?"

"ನನ್ನ ತಂಗಿರಿ."

"ಇದು ಖರೇ?"

"ಇದು ಖರೇ ರಿ."

ಸಾಹೇಬರು ಪ್ಯಾಡು ತೆಗೆದರು. ಹೋತ ಕುತ್ತಿಗೆ ಚಾಚಿತು. ಅದಕ್ಕೆ ಸಿಗದ ಹಾಗೆ ಎತ್ತರಕ್ಕೆ ಹಿಡಿದು ಏನೋ ಬರೆದರು. ಬರೆದು ಬಸ್ಸು ಹತ್ತಿದರು. ಹತ್ತುವಾಗ ಚಂದವ್ವನಿಗೆ, "ದಾರಿ ಬಿಡವಾ, ಸಾಲಿಗೆ ತಡಾ ಆಗತೈತಿ" ಎಂದರು.

೭ ಫೆಬ್ರುವರಿ, ಗುರುವಾರ

ನಾನು ಸುಳ್ಳು ಹೇಳಿಲ್ಲ. ಕಣ್ಣೆದುರು ಎಲ್ಲವೂ ಕಾಣುತ್ತಿರುವಾಗ ಹೇಳಿದ ಮಾತು ಸುಳ್ಳು ಹೇಗಾಗುತ್ತದೆ? ಅವರು ನೋಡಿಯೇ ಬರೆದಿದ್ದಾರೆ.

ಚಂದವ್ವ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ನನಗೆ ಮಾತ್ರ. "ನಿನಗ ಸುಳ್ಳ ಹೇಳಾಕ ಬರೂದಿಲ್ಲ ಅಣ್ಣಾ," ಎಂದಳು. ಹಾಗಾದರೆ ಅವಳೂ ಒಪ್ಪಿದ ಹಾಗಾಯಿತು.

೨ ಮಾರ್ಚ್, ಶನಿವಾರ

ಭೀಮಶ್ಯಾ ಕಾಗದ ತಂದ. ನಮ್ಮ ಬಸ್ಸು ಮುಂದಿನ ಮಾರ್ಚ್‌ವರೆಗೆ ಇರುತ್ತದೆ. ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಎಂದು ಬರೆದಿದ್ದಾರೆ. ವಿದ್ಯಾರ್ಥಿ'ಗಳು' ಅಂತೆ. ಅವರೂ ಒಂದಕ್ಕೆ ಎರಡು ಎಣಿಸಲು ಕಲಿತಿದ್ದಾರೆ.

ಅಪ್ಪ ಸಿಂದಗಿ ಮಾವನಿಗೆ ಹುಡುಗಿ ಇನ್ನೂ ಓದುತ್ತಿದ್ದಾಳೆ ಎಂದು ಕಾರ್ಡು ಬರೆಸಿದ. ನಾನೇ ಬರೆದೆ. ಓದು ಮುಗಿಯಲು ಹತ್ತು ವರ್ಷ ಬೇಕು ಎಂದು ಸೇರಿಸಿದೆ. ಎಷ್ಟು ಬೇಕೋ ಯಾರಿಗೆ ಗೊತ್ತು, ಹತ್ತೂ ಆಗಬಹುದು.

ಕಾಗದದ ಖುಷಿಗೆ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದ್ದರು. ಅಜ್ಜ ಈಟಿಯ ಕಥೆ ತೆಗೆದ. ಅಗರಖೇಡದಿಂದ ಬಂದ ಬೀಗರೊಬ್ಬರು ಪೂರ್ತಿ ಕೇಳಿ ನನ್ನ ಕಡೆ ತಿರುಗಿದರು. "ಖರೇ ಹೇಳಾಂವ ನೀನ ಅಲ್ಲೇನು ತಮ್ಮಾ? ಮುದುಕ ಖರೇನ ಒಬ್ಬನ್ನ ಎತ್ತಿದ್ನೇನು?"

ಅಜ್ಜ ಬೀಡಿ ಕೆಳಗಿಳಿಸಿದ.

"ಒಬ್ಬನ್ನಲ್ರಿ," ಎಂದೆ. "ಮೂರು ಮಂದಿ. ಅಜ್ಜಗ ಹೆಚ್ಚ ಹೇಳಕೊಳ್ಳಾಕ ನಾಚಿಕಿ."

ಮನೆಗೆ ಬಂದಾಗ ಅವ್ವ ತಂಬಿಗೆ ಹಿಡಿದು ಕುಳಿತಿದ್ದಳು, ಎಮ್ಮೆ ಹಾಲು ಇಳಿಸುತ್ತಿರಲಿಲ್ಲ. ಹೊಟ್ಟಿನ ಕರು ಒಂದು ಕಡೆ ವಾಲಿತ್ತು. ಅಪ್ಪ ಹೊಲದಲ್ಲಿದ್ದ. ನಾನೇ ಅದನ್ನು ಎತ್ತಿ, ಕಿವಿಗೊಂದು ದಾರ ಕಟ್ಟಿ, ಎಮ್ಮೆಯ ಮುಂದೆ ನಿಲ್ಲಿಸಿ, ಬೀಳದ ಹಾಗೆ ಹಿಡಿದು ಕುಳಿತೆ. ಎಮ್ಮೆ ಮೂಸಿತು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿತು, ಬಹಳ ಹೊತ್ತು, ಆ ಸಾಹೇಬರು ನೋಡಿದ ಹಾಗೆ.

ಕರುವಿನ ಕಿವಿಗೆ ಕಟ್ಟಿದ್ದ ದಾರವನ್ನು ಮೆಲ್ಲಗೆ ಜಗ್ಗಿದೆ.